ಹೆಬ್ಬಾಳದ ದಾರಿಗೆ ಉಕ್ಕಿನ ಸೇತುವೆಯೋ, ಬಸ್ಸೋ, ರೈಲೋ?

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ವಿಮಾನ ನಿಲ್ದಾಣದ ದಾರಿಯಲ್ಲಿರುವ ಹೆಬ್ಬಾಳದವರೆಗೆ 2016ರಲ್ಲಿ ಯೋಜಿಸಿ, ನಾಗರಿಕರ ವಿರೋಧದಿಂದ 2017ರಲ್ಲಿ ಕೈಬಿಟ್ಟ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆಯಂಥದ್ದು ಬೇಕೇ ಎಂದು ಕೇಳುವವರು ಮೊದಲು ವೆಚ್ಚ ನೋಡಬೇಕು: ಸುಮಾರು 1,791 ಕೋಟಿ ರೂಪಾಯಿ, ಜೊತೆಗೆ 812 ಮರಗಳು. ರಸ್ತೆಯಲ್ಲಿ ಬಸ್ಸಿಗೆಂದೇ ಮೀಸಲಿಡುವ ಪಥಕ್ಕೆ ಬಣ್ಣ, ಕಂಬ, ಕಾವಲು ಸಾಕು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಮಾಡಿಯೂ ತೋರಿಸಲಾಯಿತು. ಸೇತುವೆ ಗಟ್ಟಿಯಾಗಿ ಬಾಳುತ್ತದೆ, ಆದರೆ ಅದು ಬಿಡಿಸಿಕೊಟ್ಟ ಜಾಗವನ್ನು ಹೊಸ ಕಾರುಗಳು ತುಂಬುತ್ತವೆ. ಒಬ್ಬೊಬ್ಬರೇ ಕುಳಿತ ಕಾರುಗಳ ನಡುವೆ ಕಿಕ್ಕಿರಿದ ಬಸ್ಸೊಂದು ಹೆಬ್ಬಾಳದಲ್ಲಿ ಸಿಕ್ಕಿಕೊಂಡದ್ದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ವಿಮಾನ ನಿಲ್ದಾಣವಿರುವ ದೇವನಹಳ್ಳಿಯ ಕಡೆಗೆ ಹಳಿ ಮೊದಲೇ ಇದೆ, 2021ರಲ್ಲಿ ವಿಮಾನ ನಿಲ್ದಾಣದ ಬಳಿ ಹಾಲ್ಟ್ ಸ್ಟೇಷನ್ನೂ ಆಯಿತು. ನಿಗದಿತ ವೇಳೆಯ ನೌಕರರಿಗೆ ರೈಲು, ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವವರಿಗೆ ಬಸ್ಸು ಅನುಕೂಲ. ರೈಲ್ವೆ ಗೇಟು ದಾಟಲು ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ ಸೇತುವೆಯನ್ನು ಕೇಳಿ.