ಸೊನ್ನೆಯೂ ಉಳಿಯಬೇಕು, ಹಿಸ್ಸಾ ಸಂಖ್ಯೆಯೂ ಉಳಿಯಬೇಕು: ಲಿಬ್ರೆಆಫೀಸ್ ಕ್ಯಾಲ್ಕ್‌ನೊಂದಿಗೆ ಆರು ವರ್ಷ

ನಾನು ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯ ರೈತರ ಪಟ್ಟಿ ನನ್ನ ಕೈಗೆ ಸಿಎಸ್‌ವಿ ಫೈಲಾಗಿ ಬರುತ್ತದೆ. ಹೆಸರು, ಸರ್ವೆ ನಂಬರ್, ಬ್ಯಾಂಕ್ ಖಾತೆ, ಆಧಾರ್, ಜನ್ಮ ದಿನಾಂಕ, ಸಾಲದ ಬಾಕಿ, ಎಲ್ಲವೂ ಅದರಲ್ಲಿ ಅಲ್ಪವಿರಾಮಗಳ ನಡುವೆ ಸಾಲಾಗಿ ಇರುತ್ತವೆ. ಈ ಕೆಲಸಕ್ಕೆ ಆರು ವರ್ಷಗಳಿಂದ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಅದು ಉಚಿತ ಎಂಬುದು ಒಂದು ಕಾರಣ. ಆದರೆ ನಾನು ಅದನ್ನು ಬಿಡದಿರಲು ಕಾರಣ ಬೇರೆ.

ಅದಕ್ಕೂ ಮೊದಲು ಬೇರೊಂದು ತಂತ್ರಾಂಶದಲ್ಲಿ ಪಟ್ಟಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಎರಡು ಹೆಸರು ತಿದ್ದಿ, ಸೇವ್ ಮಾಡಿ ಬ್ಯಾಂಕಿಗೆ ಕಳಿಸಿದ್ದೆ. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಗಳೆಲ್ಲ ಒಂದೊಂದು ಅಂಕಿ ಕಳೆದುಕೊಂಡಿದ್ದವು, ಆ ರೈತರ ಹಣ ವಾಪಸಾಯಿತು. ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆ 1.23457ಇ+11 ಎಂಬಂಥ ರೂಪಕ್ಕೆ ಕುಗ್ಗಿ, ಪರದೆಯಲ್ಲಿ ಕಂಡಂತೆಯೇ ಫೈಲಿನಲ್ಲಿ ಉಳಿದಿತ್ತು. ಹಾಗೆ ಉಳಿದ ಮೇಲೆ ಕೊನೆಯ ಅಂಕಿಗಳನ್ನು ಯಾವ ಫಾರ್ಮ್ಯಾಟ್ ಬದಲಿಸಿದರೂ ಮರಳಿ ತರಲಾಗುವುದಿಲ್ಲ. ಹಳೆಯ ಅರ್ಜಿಗಳನ್ನು ಕಟ್ಟಿನಿಂದ ಬಿಚ್ಚಿ ಒಂದೊಂದನ್ನೇ ಮತ್ತೆ ಟೈಪ್ ಮಾಡಬೇಕಾಯಿತು.

ಆಗ ನನಗೆ ಅರ್ಥವಾದದ್ದು ಇಷ್ಟು: ಸಿಎಸ್‌ವಿ ಫೈಲಿನಲ್ಲಿ ಬರೀ ಅಕ್ಷರಗಳಿರುತ್ತವೆ; ಯಾವ ಕಾಲಂ ಮೊತ್ತ, ಯಾವುದು ದಿನಾಂಕ, ಯಾವುದು ಬರೀ ಗುರುತು ಎಂಬ ಸೂಚನೆ ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ತೆರೆಯುವ ತಂತ್ರಾಂಶವೇ ಅದನ್ನು ಊಹಿಸಬೇಕು, ಇಲ್ಲವೇ ನಮ್ಮನ್ನು ಕೇಳಬೇಕು. ಕ್ಯಾಲ್ಕ್ ಕೇಳುತ್ತದೆ. ಸಿಎಸ್‌ವಿ ತೆರೆಯುವಾಗ ಅದು ಟೆಕ್ಸ್ಟ್ ಇಂಪೋರ್ಟ್ ಎಂಬ ಕಿಟಕಿಯನ್ನು ಮುಂದಿಡುತ್ತದೆ. ಕೆಳಗಡೆ ಕಾಣುವ ಮಾದರಿ ಸಾಲುಗಳಲ್ಲಿ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ, ಅದು 'ಸ್ಟ್ಯಾಂಡರ್ಡ್' (ಬಗೆಯನ್ನು ತಂತ್ರಾಂಶವೇ ನಿರ್ಧರಿಸುವುದು) ಆಗಿರಬೇಕೋ 'ಟೆಕ್ಸ್ಟ್' ಆಗಿರಬೇಕೋ ದಿನಾಂಕವಾಗಿರಬೇಕೋ ಎಂದು ಹೇಳಬಹುದು. ಅಕ್ಕಪಕ್ಕದ ಹಲವು ಕಾಲಂಗಳಿದ್ದರೆ ಮೊದಲನೆಯದನ್ನು ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿದರೆ ಎಲ್ಲಕ್ಕೂ ಒಟ್ಟಿಗೆ ಅನ್ವಯಿಸುತ್ತದೆ. ಖಾತೆ, ಆಧಾರ್, ಮೊಬೈಲ್, ಸರ್ವೆ ನಂಬರ್ ಇವೆಲ್ಲ ನನ್ನಲ್ಲಿ ಟೆಕ್ಸ್ಟ್. ಕೂಡಿ ಕಳೆಯುವ ಪ್ರಸಂಗವೇ ಬಾರದ ಸಂಖ್ಯೆಯನ್ನು ಸಂಖ್ಯೆಯೆಂದು ತೆರೆಯಬೇಕಾದ ಅಗತ್ಯವಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಇಂಥ ತಂತ್ರಾಂಶಗಳು ಸಂಖ್ಯೆಯನ್ನು 64 ಬಿಟ್‌ಗಳಲ್ಲಿ ಹಿಡಿದಿಡುವುದರಿಂದ 15 ಅಂಕಿಗಳ ಆಚೆಗಿನದನ್ನು ನಂಬುವಂತಿಲ್ಲ, ಹಾಗಾಗಿ 16 ಅಂಕಿಗಳ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗಿಬಿಡಬಹುದು.

ಸರ್ವೆ ನಂಬರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಪಹಣಿಯೊಂದಿಗೆ ಕೆಲಸ ಮಾಡುವವರೆಲ್ಲರಿಗೂ ಇದು ಎದುರಾಗುತ್ತದೆ. 12ನೇ ಸರ್ವೆ ನಂಬರಿನ 3ನೇ ಹಿಸ್ಸಾವನ್ನು ನಾವು 12/3 ಎಂದು ಬರೆಯುತ್ತೇವೆ. ತಂತ್ರಾಂಶವು ದಿನಾಂಕಗಳನ್ನು ಹುಡುಕುವ ಸ್ಥಿತಿಯಲ್ಲಿದ್ದರೆ ಅದನ್ನು ಮಾರ್ಚ್ 12 ಎಂದು ಓದುತ್ತದೆ. ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ಡಿಸೆಂಬರ್ 3 ಎನ್ನುತ್ತದೆ. 2024ರಲ್ಲಿ ಹೀಗೆ ಮಾರ್ಚ್ 12 ಆಗಿಹೋದ ಸೆಲ್ಲನ್ನು ಆಮೇಲೆ ಟೆಕ್ಸ್ಟ್‌ಗೆ ಬದಲಿಸಿದರೆ ಹಿಸ್ಸಾ ಸಂಖ್ಯೆ ಮರಳುವುದಿಲ್ಲ, 45363 ಎಂಬ ದಿನಗಳ ಎಣಿಕೆ ಕಾಣುತ್ತದೆ. 45/2 ಮಾತ್ರ ಹಾಗೆಯೇ ಉಳಿಯುತ್ತದೆ, ಏಕೆಂದರೆ ಯಾವ ತಿಂಗಳಿಗೂ 45ನೇ ದಿನವಿಲ್ಲ. ಪಟ್ಟಿಯ ಒಂದು ಭಾಗ ಸರಿಯಾಗಿಯೇ ಇರುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಕ್ಯಾಲ್ಕ್‌ನಲ್ಲಿ 'ಡಿಟೆಕ್ಟ್ ಸ್ಪೆಷಲ್ ನಂಬರ್ಸ್' ಎಂಬ ಗುರುತನ್ನು ತೆಗೆದಿಟ್ಟರೆ ಈ ಊಹೆ ನಿಲ್ಲುತ್ತದೆ. ಆದರೆ ಮುಂಚೂಣಿಯ ಸೊನ್ನೆಯನ್ನು ಅದು ಕಾಪಾಡುವುದಿಲ್ಲ, ಅದಕ್ಕೆ ಕಾಲಂ ಟೆಕ್ಸ್ಟ್ ಆಗಿರಲೇಬೇಕು.

ಇದು ನಮ್ಮಂಥ ಸಣ್ಣ ಕಚೇರಿಗಳ ತೊಂದರೆ ಮಾತ್ರವಲ್ಲ. ಮನುಷ್ಯರ ಜೀನುಗಳಿಗೆ ಹೆಸರಿಡುವ ಸಮಿತಿ ಸೆಪ್ಟ್1, ಮಾರ್ಚ್1 ಎಂಬಂಥ ಹೆಸರುಗಳು ದಿನಾಂಕಗಳಾಗುತ್ತಿದ್ದುದರಿಂದ 2020ರ ವೇಳೆಗೆ ಅವುಗಳನ್ನೇ ಬದಲಿಸಿತು. ಮೈಕ್ರೋಸಾಫ್ಟ್ ಎಕ್ಸೆಲ್‌ನಲ್ಲಿ ಇಂಥ ಸ್ವಯಂಚಾಲಿತ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ 2023ರಲ್ಲಿ ಬಂದಿದೆ. ಎಕ್ಸೆಲ್ ಬಳಸುವವರು ಅದನ್ನು ಹುಡುಕಿ ಹೊಂದಿಸಿಕೊಳ್ಳುವುದು ಒಳ್ಳೆಯದು.

ಕ್ಯಾಲ್ಕ್‌ನ ಇಂಪೋರ್ಟ್ ಕಿಟಕಿಯಲ್ಲಿ ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ಆರಿಸುವ ಅವಕಾಶವೂ ಇರುವುದರಿಂದ ರೈತರ ಕನ್ನಡ ಹೆಸರುಗಳು ಕೆಡದೆ ಬರುತ್ತವೆ. ಜನ್ಮ ದಿನಾಂಕದ ಕಾಲಂಗೆ ಡಿಎಂವೈ, ಅಂದರೆ ದಿನ-ತಿಂಗಳು-ವರ್ಷದ ಕ್ರಮವನ್ನು ಕೊಟ್ಟರೆ 05/04/1998 ಏಪ್ರಿಲ್ 5 ಆಗಿಯೇ ಉಳಿಯುತ್ತದೆ.

ಎಚ್ಚರ ವಹಿಸಬೇಕಾದ ಜಾಗಗಳೂ ಇವೆ. ಸಾಲದ ಬಾಕಿಯನ್ನು ಮರೆತು ಟೆಕ್ಸ್ಟ್ ಮಾಡಿದರೆ ಅದರ ಮೊತ್ತ ಸೊನ್ನೆ ಬರುತ್ತದೆ. ಎರಡು ಪಟ್ಟಿಗಳನ್ನು ವಿಲುಕಪ್ (ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ) ಬಳಸಿ ಹೊಂದಿಸುವಾಗ ಒಂದರಲ್ಲಿ ಖಾತೆ ಟೆಕ್ಸ್ಟ್ ಆಗಿದ್ದು ಇನ್ನೊಂದರಲ್ಲಿ ಸಂಖ್ಯೆಯಾಗಿದ್ದರೆ ಯಾವ ಸಾಲೂ ತಾಳೆಯಾಗುವುದಿಲ್ಲ. ಇನ್ನು, ಪರದೆಯಲ್ಲಿ ಕಂಡಂತೆ ಉಳಿಸುವ ಆಯ್ಕೆ ಸೇವ್ ಮಾಡುವಾಗ ಚಾಲ್ತಿಯಲ್ಲಿದ್ದರೆ, ಎರಡು ದಶಮಾಂಶಕ್ಕೆ ತೋರಿಸಿದ 12.3456 ಸಿಎಸ್‌ವಿಯಲ್ಲಿ 12.35 ಎಂದೇ ದಾಖಲಾಗುತ್ತದೆ. ಆದ್ದರಿಂದ ಬಂದ ಮೂಲ ಫೈಲನ್ನು ಮುಟ್ಟದೆ ಪಕ್ಕಕ್ಕಿಟ್ಟು, ಕೆಲಸದ ಪ್ರತಿಯನ್ನು ಕ್ಯಾಲ್ಕ್‌ನ ಸ್ವಂತ ಫೈಲ್ ರೂಪವಾದ ಓಡಿಎಸ್‌ನಲ್ಲಿ ಉಳಿಸುತ್ತೇನೆ. ಕಾಲಂಗಳ ಸ್ವರೂಪ ಆ ಫೈಲಿನೊಳಗೇ ದಾಖಲಾಗುವುದರಿಂದ ಮರುದಿನ ತೆರೆದಾಗ ಯಾವ ಪ್ರಶ್ನೆಯೂ ಏಳುವುದಿಲ್ಲ.

ನನಗೆ ನಿಜವಾಗಿ ಕೊರತೆಯೆನಿಸುವುದು ಒಂದೇ. ಪ್ರತಿ ತಿಂಗಳೂ ಅದೇ ರಚನೆಯ ಪಟ್ಟಿ ಬಂದರೂ ಯಾವ ಕಾಲಂ ಟೆಕ್ಸ್ಟ್ ಎಂಬುದನ್ನು ಹೊಸದಾಗಿ ಹೇಳಬೇಕು. ಆ ಆಯ್ಕೆಗೊಂದು ಹೆಸರಿಟ್ಟು ಉಳಿಸುವಂತಿದ್ದರೆ ನಾನು ರಜೆ ಹಾಕಿದ ದಿನ ಬೇರೆಯವರೂ ತಪ್ಪಿಲ್ಲದೆ ಪಟ್ಟಿ ತೆರೆಯಬಹುದಿತ್ತು. ಸದ್ಯಕ್ಕೆ ಕಾಲಂಗಳ ಕ್ರಮ ಮತ್ತು ಅವುಗಳ ಬಗೆಯನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದೇನೆ: ಮೂರನೆಯದರಿಂದ ಆರನೆಯದರವರೆಗೆ ಟೆಕ್ಸ್ಟ್, ಏಳನೆಯದು ಡಿಎಂವೈ, ಎಂಟನೆಯದು ಸ್ಟ್ಯಾಂಡರ್ಡ್.