ಗಡ್ಡದ ಕೆಂಪು ಹೋಗಲು ಇಂಡಿಗೋ ಪುಡಿ: ತಗೋಬಹುದಾ?

ಬಿಳಿ ಗಡ್ಡಕ್ಕೆ ಮೆಹೆಂದಿ ಹಚ್ಚಿದರೆ ಕಿತ್ತಳೆ, ಡೈ ಹಚ್ಚಿದರೆ ಕೆಲವೇ ವಾರದಲ್ಲಿ ತಾಮ್ರದ ಬಣ್ಣ. ಈ ಕಾಟ ಇರುವವರಿಗಾಗಿ ಬರೆಯುತ್ತಿದ್ದೇನೆ. ಬೇಕೆಂದೇ ಕೆಂಪು ಗಡ್ಡ ಬಿಡುವ ಹಿರಿಯರಿದ್ದಾರೆ, ಅವರಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ, ಅವರ ವಿಷಯ ಬೇರೆ.

ನಾನು ತಂದದ್ದು ಇಂಡಿಗೋ ಪುಡಿ. ನೀಲಿ ಗಿಡದ ಎಲೆ ಒಣಗಿಸಿ ಪುಡಿ ಮಾಡಿರುತ್ತಾರೆ ಅಷ್ಟೇ. ಬೆಂಗಳೂರಿನ ಪೇಟೆ ಕಡೆಯ ಗ್ರಂಥಿಗೆ ಅಂಗಡಿಯಲ್ಲಿ 100 ಗ್ರಾಂ ಪ್ಯಾಕೆಟ್ ಸಿಕ್ಕಿತು. ಗಡ್ಡಕ್ಕೆ ಒಂದು ಸಲಕ್ಕೆ ಎರಡು ಮೂರು ಚಮಚ ಸಾಕು, ಹಾಗಾಗಿ ತುಂಬಾ ದಿನ ಬರುತ್ತದೆ.

ಮೆಹೆಂದಿಯ ಎಲೆಯಲ್ಲಿ ಲಾಸೋನ್ ಅನ್ನೋ ಬಣ್ಣ ಇದೆ, ಅದು ಕೊಡುವುದೇ ಕೆಂಪು. ಕಪ್ಪು ಕೂದಲಲ್ಲಿ ಗೊತ್ತಾಗಲ್ಲ, ಬಿಳಿ ಕೂದಲಲ್ಲಿ ಎದ್ದು ಕಾಣುತ್ತದೆ. ಮೆಹೆಂದಿ ಮೇಲೆ ಮತ್ತೆ ಮೆಹೆಂದಿ ಹಚ್ಚುತ್ತಾ ಹೋದರೆ ಕೆಂಪು ಇನ್ನೂ ಗಾಢ ಆಗುತ್ತದೆ, ಕಪ್ಪಂತೂ ಆಗಲ್ಲ. ಕಿತ್ತಳೆಯನ್ನು ಅಡಗಿಸುವುದು ನೀಲಿ. ಅದಕ್ಕೇ ಇಂಡಿಗೋ.

ಕಲಸುವ ರೀತಿಯಲ್ಲೇ ತುಂಬಾ ಜನ ಎಡವುತ್ತಾರೆ. ಮೆಹೆಂದಿಗೆ ನಿಂಬೆರಸ, ಮೊಸರು ಹಾಕಿ ರಾತ್ರಿಯಿಡೀ ಇಟ್ಟ ಹಾಗೆ ಇದಕ್ಕೆ ಮಾಡಬೇಡಿ, ಹುಳಿ ಇದಕ್ಕೆ ಆಗಿಬರಲ್ಲ. ಉಗುರುಬೆಚ್ಚಗಿನ ನೀರು, ಚಿಟಿಕೆ ಉಪ್ಪು, 10–15 ನಿಮಿಷ ಬಿಡಿ, ತಕ್ಷಣ ಹಚ್ಚಿ. ಕಲಸಿದಾಗ ಹಸಿರಾಗಿರುತ್ತದೆ, ಸ್ವಲ್ಪ ಹೊತ್ತಿಗೆ ಮೇಲ್ಪದರ ನೀಲಿಗಪ್ಪಾಗಿ ತಿರುಗುತ್ತದೆ, ಚಮಚದಲ್ಲಿ ಕೆದಕಿದರೆ ಒಳಗಿನ್ನೂ ಹಸಿರೇ. ಆ ಹಂತದಲ್ಲಿ ಹಚ್ಚಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮೊದಲು ಮೆಹೆಂದಿ ಹಚ್ಚಿ ತೊಳೆದಿರಬೇಕು, ಅದರ ಮೇಲೆ ಇದು, ಒಂದರಿಂದ ಎರಡು ಗಂಟೆ. ಬೇಯಿಸಿದ ಸೊಪ್ಪಿನಂಥ ವಾಸನೆ ಮೂಗಿನ ಕೆಳಗೇ ಇರುತ್ತದೆ, ಅದನ್ನು ತಡ್ಕೋಬೇಕು. ಒಣಗಿ ಉದುರದಂತೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡರೆ ಒಳ್ಳೆಯದು.

ತೊಳೆದ ಕೂಡಲೇ ಕನ್ನಡಿ ನೋಡಿ ಗಾಬರಿಯಾಗಬೇಡಿ. ಮೊದಲು ಸ್ವಲ್ಪ ಹಸಿರು ಛಾಯೆ ಕಾಣಬಹುದು. ಗಾಳಿ ತಗುಲಿ ಒಂದೆರಡು ದಿನದಲ್ಲಿ ಕಡುಕಂದು, ಕಪ್ಪಿಗೆ ಬರುತ್ತದೆ. ಅಲ್ಲಿಯವರೆಗೆ ಗಡ್ಡಕ್ಕೆ ಸೋಪು, ಶಾಂಪೂ ಸೋಕಿಸಬೇಡಿ. ನನಗೆ ಬಂದ ಬಣ್ಣ ಪೂರ್ತಿ ಕಪ್ಪಲ್ಲ, ಕಾಫಿ ಬೀಜದ ಕಂದು, ಅದೇ ಸಹಜವಾಗಿ ಕಾಣುತ್ತದೆ. ಬಣ್ಣ ಬಳಿದ ಹಾಗೆ ಅನಿಸಲ್ಲ.

ಇದರ ಕೊರತೆ ಅಂದರೆ, ಇಂಡಿಗೋ ಮೆಹೆಂದಿಗಿಂತ ಬೇಗ ಮಾಸುತ್ತದೆ. ಮುಖಕ್ಕೆ ದಿನಾ ಸೋಪು ಹಾಕ್ತೀವಿ, ಬಿಸಿಲಲ್ಲಿ ಬೈಕ್ ಓಡಿಸ್ತೀವಿ, ನೀಲಿ ಹೋಗಿ ಅಡಿಯ ಕೆಂಪು ಮತ್ತೆ ಇಣುಕುತ್ತದೆ. ಆಗ ಬರೀ ಇಂಡಿಗೋ ಹಚ್ಚಿ. ಮೆಹೆಂದಿ ಬೇಕಾಗುವುದು ಹೊಸದಾಗಿ ಬೆಳೆದ ಬಿಳಿ ಬುಡಕ್ಕೆ ಮಾತ್ರ.

ಅಂಗಡಿಯ ಡೈಯಿಂದಲೇ ಕೆಂಪಾಗಿದ್ದರೆ ಕಾರಣ ಬೇರೆ. ಡೈ ಜೊತೆ ಬೆರೆಸುವ ಪೆರಾಕ್ಸೈಡ್ ನಮ್ಮ ಕಪ್ಪು ಕೂದಲಿನ ಸ್ವಂತ ಬಣ್ಣವನ್ನೇ ತಿಳಿಯಾಗಿಸುತ್ತದೆ, ಮೇಲಿನ ಡೈ ಮಾಸಿದಾಗ ಅಡಿಯ ತಾಮ್ರ ಕಾಣುತ್ತದೆ. ಸಲೂನ್‌ನವರು ಎಷ್ಟೋ ಸಲ ಇದನ್ನು ಹೇಳಲ್ಲ, ಮತ್ತೆ ಅದನ್ನೇ ಬಳಿದು ಕಳಿಸ್ತಾರೆ. ಡೈಯನ್ನೇ ಬಳಸುವವರು ಡಬ್ಬಿಯ ನಂಬರ್ ನೋಡಿ. ಹೆಚ್ಚಿನ ಕಂಪನಿಗಳಲ್ಲಿ ಚುಕ್ಕಿಯ ನಂತರ 1 ಇದ್ದರೆ ಆ್ಯಶ್, ಅಂದರೆ ಬೂದು ಛಾಯೆ, ಉದಾಹರಣೆಗೆ 4.1, ಅದು ಕೆಂಪನ್ನು ತಗ್ಗಿಸುತ್ತದೆ. 3 ಚಿನ್ನದ ಛಾಯೆ, 4 ತಾಮ್ರ, ಅವು ಬೇಡ. ಡೆವಲಪರ್ ಅಂದರೆ ಆ ಪೆರಾಕ್ಸೈಡ್ ದ್ರವ, ವಾಲ್ಯೂಮ್ ಅಂದರೆ ಅದರ ತೀಕ್ಷ್ಣತೆ; 20 ವಾಲ್ಯೂಮ್ ಬದಲು 10 ಕೇಳಿ, ಕೂದಲು ಅಷ್ಟು ತಿಳಿಯಾಗಲ್ಲ. ನೀಲಿ ಶಾಂಪೂ ಅಂತ ಬರುತ್ತದಲ್ಲ, ಕಪ್ಪು ಗಡ್ಡದಲ್ಲಿ ಅದರಿಂದ ಪ್ರಯೋಜನ ಕಡಿಮೆ, ದುಡ್ಡು ಉಳಿಸಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ‘ಕಪ್ಪು ಮೆಹೆಂದಿ’ ಅಂತ ಮಾರುವ ಎಷ್ಟೋ ಪುಡಿಗಳಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದರಿಂದ ಮುಖ ಊದಿ, ಚರ್ಮ ಸುಲಿದು ಆಸ್ಪತ್ರೆ ಸೇರುವಷ್ಟು ಅಲರ್ಜಿ ಆಗುತ್ತದೆ. ಪ್ಯಾಕೆಟ್ ಹಿಂದೆ ಇಂಡಿಗೋ ಎಲೆಯ ಪುಡಿ ಒಂದೇ ಬರೆದಿದ್ದರೆ ಮಾತ್ರ ತಗೊಳ್ಳಿ. ಆಮೇಲೂ ಕಿವಿ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ.

ಅರ್ಧ ದಿನ ಬಿಡುವು ಮಾಡಿಕೊಳ್ಳುವವರಿಗೆ ಧಾರಾಳವಾಗಿ ಹೇಳ್ತೀನಿ, ತಗೊಳ್ಳಿ. ಬೇಗ ಕೆಲಸ ಮುಗಿಯಬೇಕು ಅನ್ನುವವರು ಆ್ಯಶ್ ಡೈಯನ್ನೇ ನೋಡಿಕೊಳ್ಳಿ.