ಟೊಯೋಟಾ ಮಿರಾಯ್, ದೀರ್ಘ ಬಳಕೆಯ ನಂತರ: ಕಾರಿಗಿಂತ ಮೊದಲು ಬಂಕ್ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಹೈಡ್ರೋಜನ್ನಿನಿಂದ ಓಡುವ ಸೆಕೆಂಡ್ ಹ್ಯಾಂಡ್ ಟೊಯೋಟಾ ಮಿರಾಯ್‌ಗಳ ಬೆಲೆ ಪಾತಾಳಕ್ಕಿಳಿದಿದೆ. ಹೊಸದಾಗಿದ್ದಾಗ 50,000 ಡಾಲರ್ ಸುಮಾರಿನ ಕಾರು ಇಷ್ಟು ಅಗ್ಗಕ್ಕೆ ಸಿಗುವಾಗ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರಲ್ಲಿ "ತಗೊಳ್ಳೋಣವೇ?" ಎಂಬ ಮಾತು ಏಳುವುದು ಸಹಜ. ಮನೆಯಿಂದ ಆಫೀಸಿನ ದಾರಿಯಲ್ಲಿ ಬೇರೆ ಬೇರೆ ಕಂಪನಿಗಳು ನಡೆಸುವ ಎರಡು ಹೈಡ್ರೋಜನ್ ಬಂಕ್ ಇದ್ದರೆ, ಮನೆಯಲ್ಲಿ ಇನ್ನೊಂದು ಕಾರೂ ಇದ್ದರೆ ಯೋಚಿಸಬಹುದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಇಲ್ಲಿ ಹೇಳುತ್ತಿರುವುದು 2021ರ ಮಾಡೆಲ್‌ನಿಂದ ಬಂದ ಎರಡನೇ ತಲೆಮಾರಿನ ಕಾರಿನ ಬಗ್ಗೆ. ಬಾನೆಟ್ ಕೆಳಗೆ 330 ಸೆಲ್‌ಗಳ, 128 ಕಿಲೋವಾಟ್‌ನ ಫ್ಯುಯೆಲ್ ಸೆಲ್ ಸ್ಟ್ಯಾಕ್: ಹೈಡ್ರೋಜನ್ನಿಗೆ ಗಾಳಿಯ ಆಮ್ಲಜನಕ ಸೇರಿಸಿ ವಿದ್ಯುತ್ ಮಾಡುವ, ನೀರನ್ನು ಹೊರಬಿಡುವ ಭಾಗ. ಹಿಂದಿನ ಚಕ್ರಗಳಿಗೆ 134 ಕಿಲೋವಾಟ್‌ನ ಮೋಟಾರ್. ಮೂರು ಟ್ಯಾಂಕ್‌ಗಳಲ್ಲಿ ಒಟ್ಟು 5.6 ಕಿಲೋ ಹೈಡ್ರೋಜನ್, 700 ಬಾರ್ ಒತ್ತಡದಲ್ಲಿ. ಓಡಿಸಲು ಬಹಳ ಹಿತವಾದ ಕಾರು: ಸದ್ದಿಲ್ಲ, ನಡುಕವಿಲ್ಲ, ತೂಕ ಚಕ್ರಗಳ ಮೇಲೆ ಸಮನಾಗಿ ಹಂಚಿರುವುದರಿಂದ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಪಿಕಪ್ ಸಾಧಾರಣ. ಒಂದು ಟ್ಯಾಂಕ್ ಉದ್ದಕ್ಕೆ ಕಾರಿನ ನಡುವೆ ಮಲಗಿರುವುದರಿಂದ ಹಿಂದಿನ ಸೀಟಿನ ಮಧ್ಯೆ ಕೂತವರಿಗೆ ಕಾಲಿಡಲು ಜಾಗವಿಲ್ಲ. ಡಿಕ್ಕಿ ಸುಮಾರು 270 ಲೀಟರ್. ವಿಮಾನ ನಿಲ್ದಾಣದಿಂದ ಅಪ್ಪ ಅಮ್ಮನನ್ನು ಎರಡೆರಡು ದೊಡ್ಡ ಸೂಟ್‌ಕೇಸ್ ಸಮೇತ ಕರೆತರಲು ಇದು ಸಾಲದು.

ಎಕ್ಸ್ಎಲ್ಇ ಮಾದರಿಗೆ ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಕೊಟ್ಟ ಅಂಕಿ, ತುಂಬಿದ ಟ್ಯಾಂಕಿಗೆ 402 ಮೈಲಿ. ಹೆದ್ದಾರಿಯಲ್ಲಿ ಎಲ್ಲರ ವೇಗಕ್ಕೆ, ಎಸಿ ಹಾಕಿಕೊಂಡು ಓಡಿಸುವವರು 330ರ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ತುಂಬಿಸುವ ವಿಷಯ. ಎಲ್ಲ ಸರಿಯಿದ್ದರೆ ಐದು ನಿಮಿಷದ ಕೆಲಸ. ಎಚ್70 (ಅಂದರೆ 700 ಬಾರ್) ಎಂದು ಬರೆದ ಪಂಪನ್ನೇ ಹಿಡಿಯಿರಿ. ಎಚ್35ರ ನಾಜಲ್ ಕೂಡ ಕಾರಿಗೆ ಕೂರುತ್ತದೆ, ಆದರೆ ಒತ್ತಡ ಅರ್ಧವಾದ್ದರಿಂದ ಟ್ಯಾಂಕ್ ಸುಮಾರು ಶೇ 60ರಷ್ಟಕ್ಕೇ ನಿಲ್ಲುತ್ತದೆ. ನಾಜಲ್ ತುದಿಯಲ್ಲೂ ಕಾರಿನ ಬಾಯಲ್ಲೂ ನೀರಿನ ಹನಿ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ನೇರವಾಗಿ ಒತ್ತಿ, ಲಿವರ್ ಪೂರ್ತಿ ಲಾಕ್ ಮಾಡಿ. ಪಂಪ್ ಮೊದಲು ಸ್ವಲ್ಪ ಅನಿಲ ಬಿಟ್ಟು ಒತ್ತಡ ಅಳೆಯುತ್ತದೆ, ನಡುವೆ ಸೋರಿಕೆ ಪರೀಕ್ಷೆಗೆ ನಿಲ್ಲುತ್ತದೆ. ಆ ವಿರಾಮ ನೋಡಿ ಕೆಟ್ಟುಹೋಯಿತೆಂದು ನಾಜಲ್ ಕೀಳಲು ಹೋಗಬೇಡಿ.

ಕಾರು ತನ್ನ ಟ್ಯಾಂಕಿನ ಉಷ್ಣತೆ ಮತ್ತು ಒತ್ತಡವನ್ನು ಇನ್‌ಫ್ರಾರೆಡ್ ಮೂಲಕ ಪಂಪಿಗೆ ತಿಳಿಸುತ್ತಿರುತ್ತದೆ. ವೇಗವಾಗಿ ತುಂಬಿದಾಗ ಅನಿಲ ಬಿಸಿಯಾಗುತ್ತದೆ, ಟ್ಯಾಂಕಿನೊಳಗೆ 85 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ. ಅದಕ್ಕೇ ಹೈಡ್ರೋಜನ್ನನ್ನು ಮೈನಸ್ 40 ಡಿಗ್ರಿಯ ಹತ್ತಿರಕ್ಕೆ ತಣಿಸಿ ಕೊಡುತ್ತಾರೆ. ನಾಜಲ್ ಕಾರಿಗೆ ಹೆಪ್ಪುಗಟ್ಟಿ ಅಂಟಿಕೊಳ್ಳುವುದೂ ಇದರಿಂದಲೇ. ಗಾಳಿಯಲ್ಲಿ ತೇವ ಹೆಚ್ಚಿರುವ ಬೆಳಗ್ಗೆ ಇದು ಮಾಮೂಲು. ಜಗ್ಗಾಡಿದರೆ ಸೀಲ್ ಹಾಳಾಗುತ್ತದೆ. ಕೆಲವು ನಿಮಿಷ ಕಾದರೆ ತಾನೇ ಬಿಡುತ್ತದೆ. ಇನ್‌ಫ್ರಾರೆಡ್ ಕಣ್ಣಿಗೆ ಧೂಳು ಕೂತು ಸಂಪರ್ಕ ತಪ್ಪಿದರೆ ಪಂಪ್ ಎಚ್ಚರಿಕೆಯಿಂದ, ಟ್ಯಾಂಕ್ ತುಂಬುವ ಮುನ್ನವೇ ನಿಲ್ಲಿಸುತ್ತದೆ.

ಆದರೆ ಅರ್ಧಂಬರ್ಧ ತುಂಬುವುದಕ್ಕೆ ಹೆಚ್ಚಿನ ಸಲ ಕಾರಣ ಬಂಕಿನದೇ. ಬಂಕಿನಲ್ಲಿ ಕೂಡಿಟ್ಟ ಅತಿ ಒತ್ತಡದ ಅನಿಲ ಒಂದರ ಹಿಂದೊಂದು ಕಾರು ಬಂದರೆ ಬರಿದಾಗುತ್ತದೆ, ಕಂಪ್ರೆಸರ್ ಮತ್ತೆ ಒತ್ತಡ ಏರಿಸುವವರೆಗೆ ಕಾಯಬೇಕು. ಕಂಪ್ರೆಸರ್ ಇಲ್ಲವೇ ಅನಿಲ ತಣಿಸುವ ಚಿಲ್ಲರ್ ಕೆಟ್ಟರೆ ಬಂಕೇ ಬಂದ್. ಹಾಗಾಗಿ ಮನೆ ಬಿಡುವ ಮುನ್ನ ಹೈಡ್ರೋಜನ್ ಫ್ಯುಯೆಲ್ ಸೆಲ್ ಪಾರ್ಟ್‌ನರ್‌ಶಿಪ್ ಎಂಬ ಸಂಸ್ಥೆಯ ಆನ್‌ಲೈನ್ ನಕ್ಷೆಯಲ್ಲಿ ಬಂಕಿನ ಸ್ಥಿತಿ ನೋಡುವುದು ಅಭ್ಯಾಸವಾಗಬೇಕು. ಟ್ಯಾಂಕ್ ಅರ್ಧಕ್ಕಿಳಿದಾಗಲೇ ತುಂಬಿಸಬೇಕು. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸಿಗೆ ಐ-5 ಹೆದ್ದಾರಿಯಲ್ಲಿ ಹೋಗುವವರ ಗತಿಯೆಲ್ಲ ನಡುವಿನ ಕೊಲಿಂಗಾ ಬಳಿಯ ಬಂಕಿನ ಮೇಲೆ ನಿಂತಿದೆ. ಪೂರೈಕೆಯೂ ದುರ್ಬಲ: 2019ರ ಜೂನ್‌ನಲ್ಲಿ ಸಾಂತಾ ಕ್ಲಾರಾದ ಹೈಡ್ರೋಜನ್ ಘಟಕದಲ್ಲಿ ಸ್ಫೋಟವಾದಾಗ ಬೇ ಏರಿಯಾದ ಬಂಕುಗಳು ತಿಂಗಳುಗಟ್ಟಲೆ ಒಣಗಿದ್ದವು. 2024ರಲ್ಲಿ ಶೆಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳ ಹೈಡ್ರೋಜನ್ ಬಂಕ್ ವ್ಯವಹಾರವನ್ನೇ ಮುಚ್ಚಿತು.

ಬೆಲೆ ನೋಡಿ. 2021ರ ಸುಮಾರಿಗೆ ಕಿಲೋಗೆ 13ರಿಂದ 16 ಡಾಲರ್ ಇದ್ದದ್ದು 2023ರಲ್ಲಿ ಹಲವು ಬಂಕುಗಳಲ್ಲಿ 36 ಡಾಲರ್ ಮುಟ್ಟಿತು. ಆ ದರದಲ್ಲಿ ಖಾಲಿ ಟ್ಯಾಂಕ್ ತುಂಬಲು 200 ಡಾಲರ್, ಮೈಲಿಗೆ 50 ಸೆಂಟ್‌ಗಿಂತ ಹೆಚ್ಚು. ಗ್ಯಾಲನ್‌ಗೆ 50 ಮೈಲಿ ಕೊಡುವ ಹೈಬ್ರಿಡ್ ಕಾರು, ಪೆಟ್ರೋಲ್ 5 ಡಾಲರ್ ಇದ್ದರೂ, 10 ಸೆಂಟ್‌ನಲ್ಲಿ ಓಡುತ್ತದೆ. ಹೊಸ ಕಾರಿನ ಜೊತೆ ಕೊಡುತ್ತಿದ್ದ 15,000 ಡಾಲರ್‌ನ ಇಂಧನ ಕಾರ್ಡ್ ಕೂಡ 36ರ ದರದಲ್ಲಿ ಸುಮಾರು 416 ಕಿಲೋಗೆ ಮುಗಿಯುತ್ತದೆ, ಅಂದರೆ ಇಪಿಎ ಲೆಕ್ಕದಲ್ಲೇ 30,000 ಮೈಲಿ. ಹಳೇ ಕಾರು ಕೊಳ್ಳುವವರಿಗೆ ಆ ಕಾರ್ಡ್ ಬರುತ್ತದೆಂದು ನಂಬಬೇಡಿ, ಡೀಲರ್‌ನಿಂದ ಲಿಖಿತವಾಗಿ ಕೇಳಿ.

ಪರಿಸರದ ಲೆಕ್ಕ ಹೇಳದಿದ್ದರೆ ಅನ್ಯಾಯವಾದೀತು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡಿ, ಒತ್ತಿ, ತಣಿಸಲು 60 ಯೂನಿಟ್‌ನಷ್ಟು ಬೇಕು. ಅದರಲ್ಲಿ ಮಿರಾಯ್ 115 ಕಿ.ಮೀ. ಹೋಗುತ್ತದೆ, ಅಷ್ಟೇ ವಿದ್ಯುತ್ತಿನಲ್ಲಿ ಬ್ಯಾಟರಿ ಕಾರು 300 ಕಿ.ಮೀ. ದಾಟುತ್ತದೆ. ಟೊಯೋಟಾ ಕಿರ್ಲೋಸ್ಕರ್ 2022ರ ಮಾರ್ಚ್‌ನಲ್ಲಿ ವಾಹನ ಪರೀಕ್ಷಾ ಸಂಸ್ಥೆ ಐಕ್ಯಾಟ್ ಜೊತೆ ಇದೇ ಕಾರನ್ನು ಭಾರತದ ರಸ್ತೆಗಳಲ್ಲಿ ಪರೀಕ್ಷೆಗೆ ಇಳಿಸಿತು. ಊರಿನಲ್ಲೂ ಇದು ಬರಲಿ ಎಂದು ಆಸೆಪಡುವವರು ಬಂಕುಗಳ ಜೊತೆಗೆ ಈ ಸುಮಾರು ಮೂರುಪಟ್ಟು ವಿದ್ಯುತ್ತಿನ ಪ್ರಶ್ನೆಯನ್ನೂ ಎತ್ತಬೇಕು. ದೂರ ಓಡುವ ಬಸ್ಸು ಲಾರಿಗಳ ಮಾತು ಬೇರೆ.

ನಿರ್ವಹಣೆ ಕಡಿಮೆ, ಆದರೆ ಬೀದಿಬದಿಯ ಗ್ಯಾರೇಜಿಗೆ ಹೋಗುವ ಗಾಡಿಯಲ್ಲ. ಸ್ಟ್ಯಾಕ್‌ನ ಕೂಲೆಂಟ್ ವಿದ್ಯುತ್ ಹರಿಸದಂಥದ್ದು. ಸಾಮಾನ್ಯ ಕೂಲೆಂಟ್ ಸುರಿದರೆ ಸ್ಟ್ಯಾಕ್‌ಗೆ ಕುತ್ತು. ಅಯಾನುಗಳನ್ನು ಹಿಡಿಯುವ ಫಿಲ್ಟರ್ ಮತ್ತು ಏರ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಾಗಬೇಕು. ಗ್ಯಾರೇಜಿನೊಳಗೆ ನಿಲ್ಲಿಸುವ ಮುನ್ನ ನೀರು ಬಿಡುವ ಗುಂಡಿ ಒತ್ತಿ, ಇಲ್ಲದಿದ್ದರೆ ನೆಲ ಒದ್ದೆ. ಹಳೇ ಕಾರು ನೋಡಲು ಹೋದಾಗ ಇಂಧನದ ಮುಚ್ಚಳ ತೆರೆದು ಒಳಗಿನ ಲೇಬಲ್ ಓದಿ: ಯಾವ ತಿಂಗಳು, ವರ್ಷದ ನಂತರ ಟ್ಯಾಂಕ್ ತುಂಬಿಸಬಾರದು ಎಂದು ಅಲ್ಲಿ ಬರೆದಿರುತ್ತದೆ. ಫ್ಯುಯೆಲ್ ಸೆಲ್‌ನ ಮುಖ್ಯ ಭಾಗಗಳ ವಾರಂಟಿ 8 ವರ್ಷ ಅಥವಾ 1,00,000 ಮೈಲಿ. ಅದರಲ್ಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿಯೇ ಬೆಲೆ ಮಾತಾಡಿ.